ಕಣ್ಣೀರ ಚೀಲದ ಫಿಸ್ಟುಲಾ: ವರದಿಯಲ್ಲಿ ಬರೆದ ಕೋಶಗಳ ಅರ್ಥವೇನು?

ಪ್ರಶ್ನೆ: ನಾವು ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯವರು. ನಮ್ಮ ತಾಯಿಗೆ 56 ವರ್ಷ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರ ಎಡಗಣ್ಣಿನಲ್ಲಿ ಮೂರು ವರ್ಷಗಳಿಂದ ಸದಾ ನೀರು ಸೋರುತ್ತಿತ್ತು. ಕಳೆದ ಯುಗಾದಿಯ ಹೊತ್ತಿಗೆ ಮೂಗಿನ ಪಕ್ಕ, ಕಣ್ಣಿನ ಮೂಲೆಯಲ್ಲಿ ಕೆಂಪಗೆ ಬಾವು ಬಂತು. ಸೊಪ್ಪು ಅರೆದು ಪಟ್ಟು ಹಾಕಿದ ಮೇಲೆ ಒಡೆದು ಕೀವು ಹೋಯಿತು, ಆದರೆ ಅಲ್ಲೊಂದು ಸಣ್ಣ ತೂತು ಉಳಿದುಬಿಟ್ಟಿತು. ಅದು ಕೆಲವು ದಿನ ಮುಚ್ಚಿಕೊಳ್ಳುತ್ತದೆ, ಮತ್ತೆ ಊದಿಕೊಂಡು ಸೋರುತ್ತದೆ. ತೂತಿನ ಅಂಚಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ವರದಿಯಲ್ಲಿ ‘ದೀರ್ಘಕಾಲೀನ ಉರಿಯೂತ, ದಟ್ಟವಾದ ಲಿಂಫೋಸೈಟ್ ಮತ್ತು ಪ್ಲಾಸ್ಮಾ ಕೋಶಗಳು, ಅಲ್ಲಲ್ಲಿ ನ್ಯೂಟ್ರೋಫಿಲ್‌ಗಳು, ಗ್ರಾನ್ಯುಲೇಶನ್ ಅಂಗಾಂಶ’ ಎಂದಿದೆ. ಪಕ್ಕದ ಮನೆಯವರು ಇದು ಟಿಬಿ ಎನ್ನುತ್ತಾರೆ, ಇನ್ನೊಬ್ಬರು ಕ್ಯಾನ್ಸರ್ ಎಂದು ಹೆದರಿಸಿದ್ದಾರೆ. ತಾಯಿಯ ರೋಗನಿರೋಧಕ ಶಕ್ತಿ ಕೆಟ್ಟಿದೆಯೇ, ಅಥವಾ ಹೆಚ್ಚಾಗಿದೆಯೇ? ಸ್ಟೀರಾಯ್ಡ್ ಹನಿ ಹಾಕಿದರೆ ಆ ಕೋಶಗಳು ಹೋಗುತ್ತವೆಯೇ? ತೂತಿಗೆ ಹೊಲಿಗೆ ಹಾಕಿಸಿದರೆ ಸಾಲದೇ? ಶಿಬಿರದಲ್ಲಿ ಇವರಿಗೆ ಪೊರೆಯ ಆಪರೇಶನ್ ಮಾಡಲು ಒಪ್ಪಲಿಲ್ಲ, ಏಕೆ? ನನ್ನ ಮಗಳಿಗೂ ಹುಟ್ಟಿದಾಗಿನಿಂದ ಕಣ್ಣಿನ ಮೂಲೆಯ ಕೆಳಗೆ ಸೂಜಿ ಚುಚ್ಚಿದಂಥ ರಂಧ್ರವಿದೆ, ಇದು ವಂಶದಿಂದ ಬಂದದ್ದೇ? ಕಣ್ಣಿನ ಫಿಸ್ಟುಲಾದಿಂದ ಕಣ್ಣುಗುಡ್ಡೆ ಹೊರಚಾಚಿ ತಲೆಯೊಳಗೆ ಶಬ್ದ ಬರುತ್ತದೆ ಎಂದೂ ಓದಿದೆ.

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಭಯ ಒಂದೇ. ವರದಿಯಲ್ಲಿ ಪರಿಚಯವಿಲ್ಲದ ಕೋಶಗಳ ಹೆಸರುಗಳು ಬಂದಿವೆ, ಅವು ಅಲ್ಲಿರುವುದೇ ಯಾವುದೋ ದೊಡ್ಡ ಕಾಯಿಲೆಯ ಗುರುತು ಎಂದು ನಿಮಗೆ ಅನ್ನಿಸಿದೆ. ದಾವಣಗೆರೆಯಲ್ಲಿ ನನ್ನ ಬಳಿಗೆ ಬರುವವರಲ್ಲಿ, ಅದರಲ್ಲೂ ನಡುವಯಸ್ಸು ದಾಟಿದ ಹೆಣ್ಣುಮಕ್ಕಳಲ್ಲಿ, ನೀವು ವಿವರಿಸಿದ ತೊಂದರೆ ಅಪರೂಪವೇನಲ್ಲ, ಮತ್ತು ಅವರ ಬಯಾಪ್ಸಿ ವರದಿಗಳಲ್ಲಿ ಬಹುಮಟ್ಟಿಗೆ ಇದೇ ಮಾತುಗಳು ಇರುತ್ತವೆ. ನೀವು ಬರೆದಿರುವುದನ್ನಷ್ಟೇ ನೋಡಿ ಹೇಳುವುದಾದರೆ, ಇದು ಕಣ್ಣೀರು ಇಳಿಯುವ ನಾಳ ಕೆಳಗಡೆ ಕಟ್ಟಿಕೊಂಡು, ಮೇಲಿನ ಚೀಲದಲ್ಲಿ ಸೋಂಕು ನಿಂತು, ಅದು ಚರ್ಮವನ್ನು ಒಡೆದುಕೊಂಡು ಹೊರಬಂದ ಸ್ಥಿತಿ. ಹೀಗೆ ಉಳಿದುಬಿಡುವ ಅಸಹಜ ದಾರಿಗೆ ಫಿಸ್ಟುಲಾ ಎನ್ನುತ್ತಾರೆ. ತೂತು ಮತ್ತು ಆ ಕೋಶಗಳೆರಡೂ ಈ ಕಟ್ಟಿನ ಪರಿಣಾಮಗಳು.

ಕಣ್ಣೀರು ಕಣ್ಣಿನ ಹೊರಮೂಲೆಯ ಮೇಲ್ಭಾಗದ ಗ್ರಂಥಿಯಲ್ಲಿ ಹುಟ್ಟಿ, ಗುಡ್ಡೆಯನ್ನು ತೋಯಿಸಿ, ಮೂಗಿನ ಕಡೆಯ ರೆಪ್ಪೆಯಂಚಿನಲ್ಲಿ ಮೇಲೊಂದು ಕೆಳಗೊಂದು ಇರುವ ಅತಿ ಸಣ್ಣ ದ್ವಾರಗಳೊಳಗೆ ಇಳಿಯುತ್ತದೆ. ಅಲ್ಲಿಂದ ಸುಮಾರು 10 ಮಿಲಿಮೀಟರ್ ಉದ್ದದ ಕಿರುನಾಳಗಳ ಮೂಲಕ ಮೂಗಿನ ಪಕ್ಕದ ಮೂಳೆಯ ತಗ್ಗಿನಲ್ಲಿ ಕೂತಿರುವ ಕಣ್ಣೀರ ಚೀಲವನ್ನು ಸೇರಿ, ಮೂಳೆಯೊಳಗಿನ ನಾಳವನ್ನು ಹಾದು ಮೂಗಿನ ಒಳಕ್ಕೆ ಬೀಳುತ್ತದೆ. ಕಣ್ಣಿಗೆ ಹಾಕಿದ ಔಷಧಿ ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಕಹಿಯಾಗುವುದು ಈ ದಾರಿಯಿಂದಲೇ. ಮೂಳೆಯೊಳಗಿನ ನಾಳ ಹೆಂಗಸರಲ್ಲಿ ಸಾಮಾನ್ಯವಾಗಿ ಹೆಚ್ಚು ಕಿರಿದು. ಅದರ ಸುತ್ತ ರಕ್ತನಾಳಗಳಿಂದ ತುಂಬಿದ ಮೆತ್ತನೆಯ ಅಂಗಾಂಶವೊಂದಿದ್ದು, ಅದು ಊದಿಕೊಂಡರೂ ಸಾಕು, ದಾರಿ ಇಕ್ಕಟ್ಟಾಗುತ್ತದೆ. ವರ್ಷಗಟ್ಟಲೆ ಮೆಲ್ಲಗೆ ನಡೆಯುವ ಉರಿಯೂತದಿಂದ ನಾಳದ ಗೋಡೆಯಲ್ಲಿ ನಾರು ಬೆಳೆದು, ಕೊನೆಗೆ ದಾರಿಯೇ ಮುಚ್ಚಿಹೋಗುತ್ತದೆ. ತಾಯಿಯವರ ಕಣ್ಣು ಮೂರು ವರ್ಷ ಸೋರಿದ್ದು ಈ ಹಂತದಲ್ಲಿ.

ಇನ್ನು ವರದಿಯ ಕೋಶಗಳ ವಿಷಯ. ಮೊದಲಿಗೆ ತಿಳಿಯಬೇಕಾದದ್ದು, ಲಿಂಫೋಸೈಟ್ (ಸೋಂಕನ್ನು ಎದುರಿಸುವ ಒಂದು ಬಗೆಯ ಬಿಳಿ ರಕ್ತಕಣ) ಮತ್ತು ಪ್ಲಾಸ್ಮಾ ಕೋಶಗಳು ಆರೋಗ್ಯವಂತರ ಕಣ್ಣೀರ ಚೀಲದ ಗೋಡೆಯಲ್ಲಿಯೂ ಇರುತ್ತವೆ. ಕರುಳಿನ ಗೋಡೆಯಲ್ಲಿ ಇರುವಂತೆ ಕಣ್ಣೀರ ದಾರಿಗೂ ತನ್ನದೇ ಆದ ಪ್ರತಿರಕ್ಷಣಾ ಅಂಗಾಂಶವಿದೆ ಎಂಬುದನ್ನು 2000–2001ರ ಹೊತ್ತಿಗೆ ಜರ್ಮನಿಯ ಸಂಶೋಧಕರು ವಿವರವಾಗಿ ತೋರಿಸಿದರು. ಅಲ್ಲಿನ ಪ್ಲಾಸ್ಮಾ ಕೋಶಗಳು ಐಜಿಎ ಎಂಬ ಪ್ರತಿಕಾಯವನ್ನು ತಯಾರಿಸಿ ಕಣ್ಣೀರಿಗೆ ಸೇರಿಸುತ್ತವೆ, ಅದು ರೋಗಾಣುಗಳು ಒಳಪದರಕ್ಕೆ ಅಂಟಿಕೊಳ್ಳದಂತೆ ತಡೆಯುತ್ತದೆ. ಧೂಳು, ಮೂಗಿನ ಸೋಂಕು, ಗಾಳಿಯಲ್ಲಿರುವ ಪರಾಗ ಎಲ್ಲವೂ ತಾಗುವ ಜಾಗದಲ್ಲಿ ಇಂಥ ಏರ್ಪಾಡು ಇಲ್ಲದಿದ್ದರೇ ಆಶ್ಚರ್ಯವಾಗಬೇಕಿತ್ತು. ಹಾಗಾಗಿ ವರದಿಯಲ್ಲಿ ಈ ಕೋಶಗಳು ‘ಇವೆ’ ಎಂದು ಓದಿ ಗಾಬರಿಯಾಗುವ ಅಗತ್ಯವಿಲ್ಲ. ರೋಗಶಾಸ್ತ್ರಜ್ಞರು ನೋಡುವುದು ಅವು ಎಷ್ಟಿವೆ, ಯಾವ ಯಾವ ಬಗೆಯವು ಬೆರೆತಿವೆ, ಹೇಗೆ ಜೋಡಣೆಯಾಗಿವೆ ಎಂಬುದನ್ನು.

ನಾಳ ಕಟ್ಟಿಕೊಂಡ ಮೇಲೆ ಚೀಲದಲ್ಲಿ ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಸ್ಟೆಫೈಲೊಕಾಕಸ್, ನ್ಯೂಮೊಕಾಕಸ್, ಕೆಲವೊಮ್ಮೆ ಸ್ಯೂಡೊಮೋನಾಸ್ ಇಲ್ಲಿ ಸಿಗುವ ಸಾಮಾನ್ಯ ಹೆಸರುಗಳು. ಸೋಂಕು ಭುಗಿಲೆದ್ದಾಗ ಕೆಲವೇ ಗಂಟೆಗಳಲ್ಲಿ ರಕ್ತದಿಂದ ಹೊರಬಂದು ಸೇರುವವು ನ್ಯೂಟ್ರೋಫಿಲ್‌ಗಳು ಎಂಬ ಬಿಳಿ ರಕ್ತಕಣಗಳು. ಅವು ಬ್ಯಾಕ್ಟೀರಿಯಾಗಳನ್ನು ನುಂಗುತ್ತವೆ, ಅದರ ಜೊತೆಗೆ ಅಂಗಾಂಶವನ್ನು ಕರಗಿಸಬಲ್ಲ ಕಿಣ್ವಗಳನ್ನೂ ಬಿಡುಗಡೆ ಮಾಡಿ ಅಲ್ಲೇ ಸಾಯುತ್ತವೆ. ಯುಗಾದಿಯ ಹೊತ್ತಿಗೆ ನಿಮ್ಮ ತಾಯಿಯ ಬಾವಿನಿಂದ ಹೋದ ಕೀವಿನಲ್ಲಿ ಬಹುಪಾಲು ಇದ್ದದ್ದು ಸತ್ತ ನ್ಯೂಟ್ರೋಫಿಲ್‌ಗಳೇ. ಚೀಲದ ಹಿಂಬದಿಯಲ್ಲಿ ಮೂಳೆಯ ಅಂಚೂ ಗಟ್ಟಿ ಪೊರೆಗಳೂ ಇರುವುದರಿಂದ ಕೀವು ಸಾಮಾನ್ಯವಾಗಿ ಕಣ್ಣಿನ ಗೂಡಿನೊಳಕ್ಕೆ ಹೋಗದೆ, ಒಳಮೂಲೆಯ ಸ್ನಾಯುಬಂಧದ ಕೆಳಗೆ, ತಡೆ ಕಡಿಮೆ ಇರುವ ಕಡೆ ಚರ್ಮದತ್ತ ನುಗ್ಗುತ್ತದೆ. ಇಂಥ ತೂತುಗಳು ಬಹುತೇಕ ಒಂದೇ ಜಾಗದಲ್ಲಿ ಕಾಣಿಸಿಕೊಳ್ಳಲು ಇದೇ ಕಾರಣ. ಸೊಪ್ಪಿನ ಪಟ್ಟು ಹಾಕದಿದ್ದರೂ ಅದು ಬಹುಶಃ ಅಲ್ಲೇ ಒಡೆಯುತ್ತಿತ್ತು, ಆದ್ದರಿಂದ ಆ ಬಗ್ಗೆ ಮನೆಯಲ್ಲಿ ಯಾರನ್ನೂ ದೂರುವುದು ಬೇಡ. ಆದರೆ ಇನ್ನು ಮುಂದೆ ಸೊಪ್ಪಿನ ರಸವಾಗಲೀ ಎದೆಹಾಲಾಗಲೀ ಆ ಕಣ್ಣಿಗೆ ಬೀಳಬಾರದು.

ಕಾರಣ ನಿವಾರಣೆಯಾಗಿದ್ದರೆ ಇಷ್ಟಕ್ಕೇ ಮುಗಿಯುತ್ತಿತ್ತು: ಮ್ಯಾಕ್ರೋಫೇಜ್‌ಗಳು ಸತ್ತ ಕೋಶಗಳನ್ನು ತೆರವುಗೊಳಿಸಿ, ಗಾಯ ಮಾದು, ಉಳಿದವು ಕರಗಿಹೋಗುತ್ತಿದ್ದವು. ಕೆಳಗಿನ ಕಟ್ಟು ಹಾಗೆಯೇ ಇರುವಾಗ ಅದು ಸಾಧ್ಯವಿಲ್ಲ. ನ್ಯೂಟ್ರೋಫಿಲ್‌ಗಳು ಕಡಿಮೆಯಾಗಿ, ಟಿ ಮತ್ತು ಬಿ ಲಿಂಫೋಸೈಟ್‌ಗಳು, ಪ್ಲಾಸ್ಮಾ ಕೋಶಗಳು ಬಂದು ನೆಲೆಯೂರುತ್ತವೆ. ಅವು ಹೊರಸೂಸುವ ರಾಸಾಯನಿಕ ಸಂದೇಶಗಳಿಂದ ಪ್ರಚೋದಿತವಾದ ಫೈಬ್ರೊಬ್ಲಾಸ್ಟ್ ಕೋಶಗಳು ಕೊಲಾಜೆನ್ ನಾರನ್ನು ಹೆಣೆಯುತ್ತವೆ. ಈ ನಾರು ನಾಳವನ್ನು ಇನ್ನಷ್ಟು ಬಿಗಿದು, ಬಿಗಿದಷ್ಟೂ ನೀರು ಹೆಚ್ಚು ನಿಂತು, ಸೋಂಕು ಮರುಕಳಿಸಿ, ಮತ್ತೆ ಹೊಸ ಕೋಶಗಳು ಬರುತ್ತವೆ. ಸೂಕ್ಷ್ಮದರ್ಶಕದಡಿ ನೋಡಿದರೆ ಹೊಸದಾಗಿ ಮೊಳೆತ ಕೂದಲೆಳೆಯಂಥ ರಕ್ತನಾಳಗಳು, ಅವುಗಳ ನಡುವೆ ಕಡುನೀಲಿಯ ದುಂಡು ಲಿಂಫೋಸೈಟ್‌ಗಳು, ಕೋಶಕೇಂದ್ರ ಒಂದು ಬದಿಗೆ ಸರಿದ ಪ್ಲಾಸ್ಮಾ ಕೋಶಗಳು ಒತ್ತೊತ್ತಾಗಿ ಕಾಣಿಸುತ್ತವೆ. ವರದಿಯಲ್ಲಿ ಗ್ರಾನ್ಯುಲೇಶನ್ ಅಂಗಾಂಶ ಎಂದಿರುವುದು ಇದಕ್ಕೇ, ಅಂದರೆ ಮಾಯಲು ಹೊರಟು ಪೂರ್ತಿ ಮಾಯಲಾಗದೆ ಉಳಿದ ಗಾಯ. ಅಲ್ಲಲ್ಲಿ ನ್ಯೂಟ್ರೋಫಿಲ್‌ಗಳೂ ಕಂಡಿವೆ ಎಂದರೆ ಹಳೆಯ ಉರಿಯೂತದ ಮೇಲೆ ಹೊಸ ಸೋಂಕು ಆಗಾಗ ಏಳುತ್ತಿದೆ ಎಂದರ್ಥ, ಮತ್ತು ಅದು ನೀವು ಹೇಳಿದ ಮುಚ್ಚಿ–ಒಡೆಯುವ ಕ್ರಮಕ್ಕೆ ಸರಿಯಾಗಿ ಹೊಂದುತ್ತದೆ.

ಹಾಗಾದರೆ ರೋಗನಿರೋಧಕ ಶಕ್ತಿ ಹೆಚ್ಚೋ ಕಡಿಮೆಯೋ? ಎರಡೂ ಅಲ್ಲ. ಮುಗಿಯದ ಕೆಲಸಕ್ಕೆ ನಿಂತಿರುವ ಸಾಮಾನ್ಯ ಪ್ರತಿಕ್ರಿಯೆ ಅದು. ಒಂದು ಮಾತನ್ನು ಮಾತ್ರ ಸೇರಿಸಬೇಕು: ರಕ್ತದಲ್ಲಿ ಸಕ್ಕರೆ ಏರಿಯೇ ಇದ್ದರೆ ನ್ಯೂಟ್ರೋಫಿಲ್‌ಗಳ ಚಲನೆಯೂ ನುಂಗುವ ಸಾಮರ್ಥ್ಯವೂ ಕುಗ್ಗುತ್ತವೆ, ಗಾಯ ಮಾಯುವುದೂ ತಡವಾಗುತ್ತದೆ. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಈಗಲೇ ಮಾಡಿಸಿ. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತವೆಂದು ಮಾರುವ ಪುಡಿ, ಟಾನಿಕ್‌ಗಳಿಗೆ ದುಡ್ಡು ಹಾಕಬೇಡಿ.

ಟಿಬಿಯ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಕಣ್ಣೀರ ಚೀಲಕ್ಕೆ ಟಿಬಿ ತಗಲುವುದು ಅಪರೂಪವಾದರೂ ಉಂಟು, ಮತ್ತು ಅದು ಕೂಡ ಸೋರುವ ತೂತಾಗಬಹುದು. ಆದರೆ ಅಲ್ಲಿ ಮ್ಯಾಕ್ರೋಫೇಜ್‌ಗಳು ರೂಪ ಬದಲಿಸಿ ಒಂದಕ್ಕೊಂದು ಹೆಣೆದುಕೊಂಡು ಗ್ರಾನ್ಯುಲೋಮಾ ಎಂಬ ಗಂಟುಗಳನ್ನು ಕಟ್ಟುತ್ತವೆ, ಹಲವು ಕೋಶಕೇಂದ್ರಗಳುಳ್ಳ ದೈತ್ಯಕೋಶಗಳಿರುತ್ತವೆ, ನಡುವೆ ಅಂಗಾಂಶ ಸತ್ತ ಜಾಗವಿರುತ್ತದೆ. ಇವು ಕಂಡಿದ್ದರೆ ವರದಿಯಲ್ಲಿ ಖಂಡಿತ ಬರೆಯುತ್ತಿದ್ದರು. ಕೆರೆ–ಹೊಂಡಗಳಲ್ಲಿ ಈಜುವವರಲ್ಲಿ ಕಾಣಿಸುವ ರೈನೊಸ್ಪೊರಿಡಿಯೋಸಿಸ್ ಎಂಬ ಸೋಂಕು ಆಗಿದ್ದರೆ ಅದರ ದುಂಡನೆಯ ದೊಡ್ಡ ಬೀಜಕೋಶಗಳನ್ನು ತಪ್ಪಿಸಿಕೊಳ್ಳುವುದೇ ಕಷ್ಟ. ಲಿಂಫೋಮಾ ಎಂಬ ಕ್ಯಾನ್ಸರ್‌ನಲ್ಲಿ ಒಂದೇ ಬಗೆಯ ಲಿಂಫೋಸೈಟ್‌ಗಳು ಏಕರೂಪವಾಗಿ ಹಬ್ಬಿರುತ್ತವೆ. ನಿಮ್ಮ ವರದಿಯಲ್ಲಿರುವಂತೆ ಮೂರು ನಾಲ್ಕು ಬಗೆಯ ಕೋಶಗಳು ಬೆರೆತಿರುವುದು ಉರಿಯೂತದ ಲಕ್ಷಣ.

ಇಷ್ಟು ಹೇಳಿದರೂ ಆ ವರದಿಯ ಮಿತಿಯನ್ನು ಮುಚ್ಚಿಡಲಾರೆ. ಚೂರು ತೆಗೆದದ್ದು ತೂತಿನ ಅಂಚಿನಿಂದ. ಒಳಗೆ, ಚೀಲದ ಗೋಡೆಯಲ್ಲಿ ಬೇರೇನಾದರೂ ಇದ್ದರೆ ಅಂಚಿನ ಚೂರಿನಲ್ಲಿ ಅದು ಸಿಗದೆ ಹೋಗಬಹುದು. ಆದ್ದರಿಂದ ಕೆಲವು ಚಿಹ್ನೆಗಳನ್ನು ಗಮನಿಸಿ: ಗಟ್ಟಿಯಾದ, ಒತ್ತಿದರೆ ತಗ್ಗದ ಗಂಟು, ಅದರಲ್ಲೂ ಒಳಮೂಲೆಯ ಸ್ನಾಯುಬಂಧಕ್ಕಿಂತ ಮೇಲಕ್ಕೆ ಚಾಚಿದ್ದು, ರಕ್ತ ಬೆರೆತ ಕಣ್ಣೀರು, ಅದೇ ಬದಿಯ ಮೂಗಿನಿಂದ ಪದೇ ಪದೇ ರಕ್ತ, ಕತ್ತಿನಲ್ಲಿ ಗಡ್ಡೆಗಳು, ಕಾರಣವಿಲ್ಲದೆ ತೂಕ ಇಳಿಯುವುದು, ಸಂಜೆಯ ಜ್ವರ, ವಾರಗಟ್ಟಲೆ ಕೆಮ್ಮು. ಇವುಗಳಲ್ಲಿ ಒಂದಿದ್ದರೂ ಸಿಟಿ ಸ್ಕ್ಯಾನ್ ಮಾಡಿಸಬೇಕು, ಶಸ್ತ್ರಚಿಕಿತ್ಸೆಯ ಹೊತ್ತಿಗೆ ಚೀಲದ ಗೋಡೆಯ ಚೂರನ್ನೇ ಪರೀಕ್ಷೆಗೆ ಕಳಿಸಬೇಕು. ಒಂದೂ ಇಲ್ಲದಿದ್ದರೆ ಟಿಬಿ, ಕ್ಯಾನ್ಸರ್ ಎಂಬ ಮಾತುಗಳನ್ನು ಪಕ್ಕದ ಮನೆಗೇ ಬಿಟ್ಟುಬಿಡಬಹುದು.

ಸ್ಟೀರಾಯ್ಡ್ ಹನಿಯ ಬಗ್ಗೆ ನನ್ನ ಉತ್ತರ ಖಚಿತ: ಬೇಡ. ಅದರಿಂದ ಕೋಶಗಳ ಸಂಖ್ಯೆ ತಾತ್ಕಾಲಿಕವಾಗಿ ಇಳಿಯುತ್ತದೆ, ಕೆಂಪು ಕಡಿಮೆಯಾಗುತ್ತದೆ, ವಾಸಿಯಾಯಿತೆಂದೂ ಅನ್ನಿಸುತ್ತದೆ. ಆದರೆ ಸೋಂಕು ಅಲ್ಲೇ ಇರುತ್ತದೆ, ಈಗ ಅದನ್ನು ತಡೆಯುವವರೂ ಕಡಿಮೆ. ದೀರ್ಘಕಾಲ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ನಮ್ಮ ಎರಡೂ ಜಿಲ್ಲೆಗಳಲ್ಲಿ ಇನ್ನೊಂದು ಅಪಾಯವುಂಟು. ಮೆಕ್ಕೆಜೋಳ ಕೀಳುವಾಗ, ಭತ್ತ ಬಡಿಯುವಾಗ ಗರಿಯೋ ಹೊಟ್ಟೋ ಕಣ್ಣಿಗೆ ತಾಗಿ ಕಾರ್ನಿಯಾ (ಕರಿಗುಡ್ಡೆಯ ಮುಂದಿನ ಪಾರದರ್ಶಕ ಪದರ) ಮೇಲೆ ಗೀರು ಬೀಳುವುದು ಇಲ್ಲಿ ದಿನನಿತ್ಯದ ಸಂಗತಿ. ಪಕ್ಕದಲ್ಲೇ ಕೀವಿನ ಚೀಲವಿರುವ ಕಣ್ಣಿನಲ್ಲಿ ಆ ಗೀರು ಒಂದೆರಡು ದಿನದಲ್ಲಿ ಹುಣ್ಣಾಗಬಲ್ಲದು, ಮತ್ತು ಅದು ಶಿಲೀಂಧ್ರದ ಹುಣ್ಣಾಗಿದ್ದು ಮೇಲೆ ಸ್ಟೀರಾಯ್ಡ್ ಬಿದ್ದರೆ ಕಣ್ಣೇ ಹೋಗಬಹುದು. ಶಸ್ತ್ರಚಿಕಿತ್ಸೆ ಆಗುವವರೆಗೆ ತಾಯಿಯವರು ಒಕ್ಕಣೆಯ ಕೆಲಸದಿಂದ ದೂರವಿದ್ದರೆ ಒಳ್ಳೆಯದು. ಹೋಗಲೇಬೇಕಾದರೆ ಕನ್ನಡಕ ಹಾಕಿಕೊಳ್ಳಲಿ.

ಶಿಬಿರದವರು ಪೊರೆಯ ಶಸ್ತ್ರಚಿಕಿತ್ಸೆಗೆ ಒಪ್ಪದಿದ್ದದ್ದೂ ಇದೇ ಕಾರಣಕ್ಕೆ, ಮತ್ತು ಅವರು ಮಾಡಿದ್ದು ಸರಿ. ಪೊರೆ ತೆಗೆಯಲು ಕಣ್ಣನ್ನು ತೆರೆಯಬೇಕು. ಆ ಹೊತ್ತಿಗೆ ಚೀಲದಿಂದ ಬ್ಯಾಕ್ಟೀರಿಯಾ ಹಿಮ್ಮುಖವಾಗಿ ಬಂದು ಕಣ್ಣಿನೊಳಗೆ ಸೇರಿದರೆ ಎಂಡೋಫ್ತಾಲ್ಮೈಟಿಸ್ ಎಂಬ ಭೀಕರ ಸೋಂಕಾಗುತ್ತದೆ. ಅದಕ್ಕಾಗಿಯೇ ಪೊರೆಯ ಶಸ್ತ್ರಚಿಕಿತ್ಸೆಗೆ ಮುನ್ನ ಕಣ್ಣೀರ ಚೀಲವನ್ನು ಒತ್ತಿ, ಸಂಶಯವಿದ್ದರೆ ದ್ವಾರದಲ್ಲಿ ಸಣ್ಣ ತುದಿಯ ಸೂಜಿಯಿಂದ ಉಪ್ಪುನೀರು ಬಿಟ್ಟು ನೋಡುತ್ತಾರೆ. ದಾರಿ ಸರಿಯಿದ್ದರೆ ನೀರು ಗಂಟಲಿಗೆ ಬಂದು ಉಪ್ಪಿನ ರುಚಿ ತಿಳಿಯುತ್ತದೆ. ತಾಯಿಯವರಿಗೆ ಈ ಪರೀಕ್ಷೆ ಮಾಡಿದರೆ ಗಂಟಲಿಗೆ ಏನೂ ಬಾರದೆ, ಮೇಲಿನ ದ್ವಾರದಿಂದಲೋ ಚರ್ಮದ ತೂತಿನಿಂದಲೋ ಕೀವು ಬೆರೆತ ನೀರು ಹೊರಬರುತ್ತದೆ ಎಂದು ನನ್ನ ಊಹೆ. ಬಾವು ಕೆಂಪಾಗಿ ನೋಯುತ್ತಿರುವಾಗ ಮಾತ್ರ ಈ ಪರೀಕ್ಷೆ ಮಾಡಬಾರದು.

ಈಗ ಹೊಲಿಗೆಯ ಪ್ರಶ್ನೆ. ಭದ್ರಾ ನಾಲೆಯ ಕೊನೆಯಲ್ಲಿ ಹೂಳು ತುಂಬಿ ನೀರು ಮುಂದೆ ಹೋಗದೆ ನಡುವೆ ಏರಿ ಒಡೆದರೆ, ಒಡೆದಲ್ಲಿ ಮಣ್ಣು ಮೆತ್ತಿ ಕೂತವರು ಮತ್ತೊಮ್ಮೆ ಮೆತ್ತಬೇಕಾಗುತ್ತದೆ ಎಂಬುದು ಆ ಭಾಗದ ರೈತರಿಗೆ ಹೇಳಿಕೊಡಬೇಕಿಲ್ಲ. ತೂತನ್ನಷ್ಟೇ ಹೊಲಿದರೂ, ಸುಟ್ಟರೂ ಇದೇ ಕಥೆ: ಒಳಗೆ ಕೀವು ಒತ್ತಿಕೊಂಡು ಅಲ್ಲೇ ಅಥವಾ ಪಕ್ಕದಲ್ಲಿ ಒಡೆಯುತ್ತದೆ. ಜೊತೆಗೆ ತಿಂಗಳುಗಳು ಕಳೆದಂತೆ ಚರ್ಮದ ಮೇಲ್ಪದರದ ಕೋಶಗಳು ತೂತಿನ ಒಳಕ್ಕೆ ಹರಿದು ಅದರ ಗೋಡೆಗೆ ಹೊದಿಕೆಯಾಗುತ್ತವೆ. ಹಾಗೆ ಹೊದಿಕೆ ಬಂದ ದಾರಿ ತಾನಾಗಿ ಕೂಡಿಕೊಳ್ಳುವುದಿಲ್ಲ.

ಇದಕ್ಕೆ ನೆಚ್ಚಬಹುದಾದ ಚಿಕಿತ್ಸೆ ಡಿಸಿಆರ್ ಎಂಬ ಶಸ್ತ್ರಚಿಕಿತ್ಸೆ. ಕಟ್ಟಿದ ನಾಳವನ್ನು ಕೆದಕುವ ಬದಲು, ಚೀಲಕ್ಕೂ ಮೂಗಿಗೂ ನಡುವಿನ ತೆಳು ಮೂಳೆಯಲ್ಲಿ ಕಿಂಡಿ ಮಾಡಿ ಹೊಸ ದಾರಿ ತೆರೆಯುವುದು ಇದರ ತತ್ವ. ಇಟಲಿಯ ಅದ್ದೆಯೊ ತೋತಿ 1904ರಲ್ಲಿ ವಿವರಿಸಿದ ಈ ವಿಧಾನ ಹಲವು ಸುಧಾರಣೆಗಳೊಂದಿಗೆ ಇಂದಿಗೂ ನಡೆಯುತ್ತಿದೆ, ಅನುಭವಿಗಳ ಕೈಯಲ್ಲಿ 100ರಲ್ಲಿ 90ಕ್ಕೂ ಹೆಚ್ಚು ಜನರಿಗೆ ಫಲ ಕೊಡುತ್ತದೆ. ಮೂಗಿನ ಪಕ್ಕ ಸಣ್ಣ ಗೀರು ಹಾಕಿ ಮಾಡುವುದು ಒಂದು ಬಗೆ. ಮೂಗಿನೊಳಗಿನಿಂದ ಎಂಡೊಸ್ಕೋಪ್ ಮೂಲಕ, ಹೊರಗೆ ಕಲೆ ಬಾರದಂತೆ ಮಾಡುವುದು ಇನ್ನೊಂದು. ತಾಯಿಯವರಿಗೆ ಚರ್ಮದಲ್ಲಿ ಈಗಾಗಲೇ ತೂತಿದೆ, ಅದರ ಹೊದಿಕೆ ಬಂದ ಭಾಗವನ್ನು ಕತ್ತರಿಸಿ ತೆಗೆಯಬೇಕಾಗಬಹುದು, ಹಾಗಾಗಿ ಅವರಿಗೆ ಹೊರಗಿನ ವಿಧಾನವೇ ಅನುಕೂಲವೆಂದು ನನ್ನ ಅಭಿಪ್ರಾಯ. ಆದರೆ ಕೊನೆಯ ತೀರ್ಮಾನ ಕಣ್ಣಾರೆ ನೋಡಿದ ಶಸ್ತ್ರಚಿಕಿತ್ಸಕರದು. ಒಳದಾರಿ ಸರಾಗವಾದ ಮೇಲೆ ಚಿಕ್ಕ ತೂತುಗಳು ಎಷ್ಟೋ ಸಲ ತಾವಾಗಿಯೇ ಮುಚ್ಚಿಕೊಳ್ಳುತ್ತವೆ.

ಇದರಲ್ಲಿ ಅಪಾಯಗಳೂ ಇವೆ. ಮೂಗಿನಿಂದ ರಕ್ತಸ್ರಾವವಾಗಬಹುದು, ಆದ್ದರಿಂದ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಬೇಕು, ತಾವಾಗಿ ನಿಲ್ಲಿಸಬಾರದು. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಗಾಯಕ್ಕೆ ಸೋಂಕು ತಗಲಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಮಾಯುವ ಪ್ರಕ್ರಿಯೆಯೇ ಅತಿಯಾಗಿ, ಹಿಂದೆ ಹೇಳಿದ ಅದೇ ಫೈಬ್ರೊಬ್ಲಾಸ್ಟ್‌ಗಳು ಹೊಸ ಕಿಂಡಿಯ ಸುತ್ತಲೂ ನಾರು ಬೆಳೆಸಿ ಅದನ್ನು ಮುಚ್ಚಬಹುದು. ಡಿಸಿಆರ್ ವಿಫಲವಾಗುವುದು ಹೆಚ್ಚಾಗಿ ಹೀಗೆಯೇ. ಅದನ್ನು ತಡೆಯಲು ಕೆಲವರಿಗೆ ಸಿಲಿಕೋನ್ ಕೊಳವೆಯನ್ನು ಕೆಲವು ವಾರ ಬಿಟ್ಟಿರುತ್ತಾರೆ. ತೀರಾ ವಯಸ್ಸಾದವರಿಗೆ, ಬೇರೆ ಕಾಯಿಲೆಗಳಿಂದ ನಿತ್ರಾಣರಾದವರಿಗೆ ಚೀಲವನ್ನೇ ತೆಗೆದುಹಾಕುವ ಡಿಸಿಟಿ ಮಾಡುವುದುಂಟು. ಸೋಂಕು ಹೋಗುತ್ತದೆ, ಆದರೆ ನೀರು ಸೋರುವುದು ಉಳಿಯುತ್ತದೆ. 56ರ ವಯಸ್ಸಿಗೆ ಅದನ್ನು ಯೋಚಿಸಬೇಕಾಗಿಲ್ಲ. ಏನೂ ಮಾಡದೆ ಬಿಡುವುದೂ ಒಂದು ಆಯ್ಕೆಯೇ, ಆದರೆ ಪ್ರತಿಸಲ ಬಾವು ಎದ್ದಾಗಲೂ ಸೋಂಕು ಕಣ್ಣಿನ ಗೂಡಿಗೆ ಹರಡುವ ಸಾಧ್ಯತೆ ಇರುತ್ತದೆ, ಪೊರೆಯೂ ಹಾಗೆಯೇ ಉಳಿಯುತ್ತದೆ.

ನಿಮ್ಮ ಮಗಳ ರಂಧ್ರ ಬೇರೆಯೇ ಜಾತಿಯದು. ಗರ್ಭದಲ್ಲಿ ಕಣ್ಣೀರ ದಾರಿ ರೂಪುಗೊಳ್ಳುವಾಗ ಒಂದು ಹೆಚ್ಚುವರಿ ಕವಲು ಚರ್ಮಕ್ಕೆ ತೆರೆದುಕೊಂಡು ಉಳಿದದ್ದು. ಸುಮಾರು 2000 ಶಿಶುಗಳಲ್ಲಿ ಒಂದಕ್ಕೆ ಇರುತ್ತದೆಂದು ಸಾಮಾನ್ಯವಾಗಿ ಲೆಕ್ಕ ಹೇಳುತ್ತಾರೆ. ಅದು ಸೋಂಕಿನಿಂದ ಒಡೆದ ದಾರಿಯಲ್ಲ, ಮೊದಲಿನಿಂದಲೂ ನಯವಾದ ಹೊದಿಕೆ ಇರುವ ನಾಳ. ಕೆಲವು ಕುಟುಂಬಗಳಲ್ಲಿ ಇದು ವಂಶಪಾರಂಪರ್ಯವಾಗಿ ಬರುವುದುಂಟು, ಆದರೆ ಅಜ್ಜಿಯದಕ್ಕೂ ಮೊಮ್ಮಗಳದಕ್ಕೂ ಸಂಬಂಧವಿಲ್ಲ. ನೀರಾಗಲೀ ಗೀಜಾಗಲೀ ಬಾರದಿದ್ದರೆ ಮುಟ್ಟುವುದೇ ಬೇಡ. ಬರುತ್ತಿದ್ದರೆ ಆ ನಾಳವನ್ನು ಬುಡದವರೆಗೆ ತೆಗೆಯಬೇಕು, ಬಾಯನ್ನಷ್ಟೇ ಸುಟ್ಟರೆ ಮರುಕಳಿಸುತ್ತದೆ.

ನೀವು ಓದಿದ ಇನ್ನೊಂದು ಫಿಸ್ಟುಲಾ ಕಣ್ಣಿನ ಹಿಂದೆ, ತಲೆಯೊಳಗಿನ ಅಪಧಮನಿ ಮತ್ತು ಅಭಿಧಮನಿಗಳ ನಡುವೆ ಆಗುವ ಅಸಹಜ ಕೂಡಿಕೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರಲ್ಲಿ, ಕೆಲವೊಮ್ಮೆ ವಯಸ್ಸಾದವರಲ್ಲಿ ತಾನಾಗಿಯೇ ಬರುತ್ತದೆ. ಕಣ್ಣು ಕೆಂಪಾಗಿ, ಮುಂದಕ್ಕೆ ಚಾಚಿ, ನಾಡಿಯ ಲಯಕ್ಕೆ ಸರಿಯಾಗಿ ತಲೆಯಲ್ಲಿ ಸುಂಯ್‌ಗುಟ್ಟುತ್ತದೆ. ಅದರ ಕೆಂಪು ಕಣ್ಣಿನ ಅಭಿಧಮನಿಗಳಲ್ಲಿ ರಕ್ತ ಒತ್ತಿಕೊಂಡು ಉಬ್ಬಿದ್ದರಿಂದ ಬಂದದ್ದು, ಉರಿಯೂತದ್ದಲ್ಲ. ತಾಯಿಯವರಿಗೆ ಅದರ ಯಾವ ಲಕ್ಷಣವೂ ಇಲ್ಲ.

ಸದ್ಯಕ್ಕೆ ಬಾವು ಎದ್ದಿದ್ದರೆ ಮೊದಲು ಬಿಸಿನೀರಿನ ಬಟ್ಟೆಯ ಶಾಖ, ವೈದ್ಯರು ಬರೆದ ಪ್ರತಿಜೀವಕ ಮಾತ್ರೆಗಳು, ಕೀವು ಬಹಳ ತುಂಬಿದ್ದರೆ ಅದನ್ನು ಹೊರತೆಗೆಸುವುದು. ಉಲ್ಬಣ ಇಳಿದ ಮೇಲೆ ಡಿಸಿಆರ್. ಅದು ಮಾದು, ಉಪ್ಪುನೀರು ಸರಾಗವಾಗಿ ಗಂಟಲಿಗೆ ಇಳಿಯುವುದು ಖಚಿತವಾದ ಮೇಲೆಯೇ ಪೊರೆ. ದೃಷ್ಟಿ ದಿಢೀರನೆ ಮಂಜಾದರೆ, ಕಣ್ಣು ಹೊರಚಾಚಿದರೆ, ಗುಡ್ಡೆ ಆಡಿಸಲು ನೋವಾದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಈ ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿನವರೆಗೆ ಅಲೆಯುವ ಮುನ್ನ ದಾವಣಗೆರೆಯ ವೈದ್ಯಕೀಯ ಕಾಲೇಜುಗಳ ನೇತ್ರ ವಿಭಾಗಗಳಲ್ಲಿ ವಿಚಾರಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವೆಚ್ಚ ಭರಿಸಲು ಸಾಧ್ಯವೇ ಎಂದು ದಾಖಲಾಗುವ ಮೊದಲೇ ಕೇಳಿಕೊಳ್ಳಿ. ಹೋಗುವಾಗ ವರದಿಯ ಹಾಳೆಯೊಂದನ್ನೇ ಒಯ್ಯದೆ, ಪ್ರಯೋಗಾಲಯದಿಂದ ಆ ಚೂರಿನ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕನ್ನೂ ಕೇಳಿ ಪಡೆದುಕೊಂಡು ಹೋಗಿ. ಸಂಶಯ ಬಂದರೆ ಇನ್ನೊಮ್ಮೆ ಚೂರು ತೆಗೆಯದೆ ಅದರಲ್ಲೇ ಟಿಬಿಯ ಬಣ್ಣ ಪರೀಕ್ಷೆಯನ್ನೋ ಲಿಂಫೋಸೈಟ್‌ಗಳ ಬಗೆ ಗುರುತಿಸುವ ಪರೀಕ್ಷೆಯನ್ನೋ ಮಾಡಬಹುದು.